ಒಂದೇ ಚಾಕು, ಎರಡು ಮುದ್ರೆ: ಹಳೇ ಕೇಸ್ ಚಾಕು ಕೊಳ್ಳುವ ಮುಂಚೆ ಏನು ನೋಡಬೇಕು

ಇಲ್ಲಿ ಪೆನ್ಸಿಲ್ವೇನಿಯಾದ ವಾರದ ಸಂತೆಗಳಲ್ಲಿ ಹಳೇ ಮಡಚುವ ಚಾಕು ಮಾರುವವರದು ಒಂದೇ ರಾಗ: "ಒಂದೊಂದು ಅಲಗಿನ ಮುದ್ರೆ ಒಂದೊಂದು ಥರ ಇದೆ ನೋಡಿ, ಕಾರ್ಖಾನೆಯಲ್ಲೇ ಆದ ಎಡವಟ್ಟು, ಸಿಗೋದಿಲ್ಲ." ಅಷ್ಟಕ್ಕೇ ಬೆಲೆ ಏರಿಬಿಡುತ್ತದೆ. ನಾನು ಆ ಮಾತಿಗೆ ದುಡ್ಡು ಕೊಡುವುದಿಲ್ಲ. ಮೊದಲು ಅಲಗು ತಿರುಗುವ ಪಿನ್ ನೋಡುತ್ತೇನೆ, ಮುದ್ರೆ ಆಮೇಲೆ.

ಬ್ರಾಡ್‌ಫರ್ಡ್ ಊರಿನ ಕೇಸ್ ಕಂಪನಿಯ ಚಾಕು ಹೊಸಬರಿಗೆ ಒಳ್ಳೆಯದು. ವರ್ಷ ಅಲಗಿನ ಬುಡದಲ್ಲೇ ಇರುತ್ತದೆ. 1940ರ ಸುಮಾರಿನಿಂದ 1964ರವರೆಗೆ ಬರೀ 'ಕೇಸ್ ಎಕ್ಸ್‌ಎಕ್ಸ್'. 1965ರಿಂದ 'ಯು.ಎಸ್.ಎ.' ಸೇರಿತು. 1970ರಲ್ಲಿ ಹತ್ತು ಚುಕ್ಕೆ ಬಂದವು, ಆಮೇಲೆ ವರ್ಷಕ್ಕೊಂದು ಕಮ್ಮಿ. 1980ರಿಂದ ಚುಕ್ಕೆಗಳ ಸಂಖ್ಯೆ ಕಳೆಯಿರಿ, ವರ್ಷ ಸಿಕ್ಕಿತು. ಆರು ಚುಕ್ಕೆ ಅಂದರೆ 1974. ಆದರೆ 1980ರಲ್ಲಿ ಮತ್ತೆ ಹತ್ತರಿಂದ ಶುರು ಮಾಡಿದರು. ಆಗಿನ ಮುದ್ರೆಯಲ್ಲಿ ಕೇಸ್ (CASE) ಹೆಸರಿನ ಎಸ್ ಅಕ್ಷರ ಮಿಂಚಿನ ಹಾಗೆ ಚೂಪಾಗಿದೆ. ಅದನ್ನು ನೋಡದೆ ಲೆಕ್ಕ ಹಾಕಬೇಡಿ.

ಬುಡದ ಹಿಂಬದಿಯ ನಂಬರನ್ನೂ ಓದಿ. 6318 ಅಂದರೆ 18ನೇ ಮಾದರಿ, ಮೂರು ಅಲಗು. ಮೊದಲಿನ 6 ಹಿಡಿಯದ್ದು: ಗೀರು ಹಾಕಿದ ಮೂಳೆ, ಕೆಲವು ಕಾಲ ಅದೇ ನಂಬರಿನಲ್ಲಿ ಪ್ಲಾಸ್ಟಿಕ್ಕು. 5 ಇದ್ದರೆ ಕೊಂಬಿನ ಹಿಡಿ. ಅದರಲ್ಲಿ ನಮ್ಮ ಭಾರತದ ಕಡವೆ ಕೊಂಬೂ ಇದೆ! ಕೊಂಬಿನ ಹಿಡಿಯ ಎರಡು ಬದಿ ಬಣ್ಣ ಒಂದೇ ಇರಲ್ಲ. ಅದನ್ನು ದೋಷ ಅಂತಲೂ ಅಪರೂಪ ಅಂತಲೂ ಮಾರುವವರಿದ್ದಾರೆ, ಎರಡೂ ಸುಮ್ನೆ ಮಾತು.

ಇನ್ನು ಮುದ್ರೆ ಯಾಕೆ ಬೇರೆಯಾಗುತ್ತದೆ? ಅಲಗಿಗೆ ಮುದ್ರೆ ಒತ್ತುವುದು ಮೊದಲು, ಚಾಕು ಜೋಡಿಸುವುದು ಆಮೇಲೆ. ಹಳೇ ಅಲಗು ಮಿಕ್ಕಿದ್ದರೆ ಅದನ್ನೂ ಹಾಕಿ ಮುಗಿಸುತ್ತಿದ್ದರು. ಹಾಗಾಗಿ ಒಂದರಲ್ಲಿ ಒಂಬತ್ತು, ಇನ್ನೊಂದರಲ್ಲಿ ಎಂಟು ಚುಕ್ಕೆ ಇದ್ದರೆ ನಂಬಬಹುದು. ಒಂದರಲ್ಲಿ ಬರೀ 'ಎಕ್ಸ್‌ಎಕ್ಸ್', ಇನ್ನೊಂದರಲ್ಲಿ 'ಯು.ಎಸ್.ಎ.' ಇದ್ದರೂ ಸರಿ. ಆದರೆ ಬರೀ 'ಎಕ್ಸ್‌ಎಕ್ಸ್' ಇರುವ ಅಲಗಿನ ಪಕ್ಕ ಐದು ಚುಕ್ಕೆಯ ಅಲಗು? ಹತ್ತು ವರ್ಷಕ್ಕೂ ಮೇಲಿನ ಅಂತರ. ಮುರಿದ ಅಲಗನ್ನು ಯಾರೋ ಬದಲಿಸಿದ್ದಾರೆ ಅಂತಲೇ ಲೆಕ್ಕ. ಕಂಪನಿಯೇ ರಿಪೇರಿ ಮಾಡಿ ಕೊಟ್ಟಿರಲೂಬಹುದು. ಆದರೂ ಅದು ರಿಪೇರಿಯೇ.

ಈಗ ಪಿನ್. ಹಿಡಿಯ ತುದಿಯ ಬಿಳಿ ಲೋಹದ ತುಂಡಿಗೆ ಬೋಲ್‌ಸ್ಟರ್ ಅನ್ನುತ್ತಾರೆ. ಅಲಗು ತಿರುಗುವ ಪಿನ್ ಅದರೊಳಗೇ ಹೋಗುತ್ತದೆ. ಕಾರ್ಖಾನೆಯಲ್ಲಿ ಪಿನ್ ತಲೆ ಬಡಿದು ಸಮ ಉಜ್ಜಿರುತ್ತಾರೆ, ಎಲ್ಲಿದೆ ಅಂತ ಸುಲಭಕ್ಕೆ ಗೊತ್ತಾಗಲ್ಲ. ಬೆಳಕಿಗೆ ಓರೆಯಾಗಿ ಹಿಡಿದು, ಭೂತಗನ್ನಡಿ ಇಟ್ಟು ನೋಡಿ. ದುಂಡನೆ ಗೆರೆ, ಸುತ್ತಿಗೆಯ ಸಣ್ಣ ತಗ್ಗು, ಮಾಸಿದ ಲೋಹದ ನಡುವೆ ಹೊಳೆಯುವ ಮಚ್ಚೆ ಕಂಡರೆ ಅನುಮಾನ ಪಡಿ. ವಯಸ್ಸಾದರೂ ಗೆರೆ ಮೂಡುವುದುಂಟು, ಅದಕ್ಕೇ ಎರಡೂ ತುದಿ ಹೋಲಿಸಬೇಕು. 6318ರಲ್ಲಿ ದೊಡ್ಡ ಅಲಗು ಒಂದು ತುದಿಗೆ, ಸಣ್ಣವೆರಡು ಇನ್ನೊಂದು ತುದಿಗೆ. ಒಂದು ತುದಿ ನುಣುಪಾಗಿದ್ದು, ಬೇರೆ ಮುದ್ರೆಯ ಅಲಗು ಇರೋ ತುದಿಯಲ್ಲೇ ಗೆರೆ ಕಂಡರೆ, ಇನ್ನೇನು ಬೇಕು?

ಅಲಗಿನ ಬುಡಕ್ಕೂ ಪಕ್ಕದ ಹಿತ್ತಾಳೆ ತಗಡಿಗೂ ನಡುವೆ ಜಾಸ್ತಿ ಸಂದಿದ್ದರೂ ಎಚ್ಚರ. ಹಳೇ ಮುದ್ರೆ ಉಜ್ಜಿ ಹೊಸದು ಒತ್ತಿದರೆ ಬುಡ ತೆಳುವಾಗುತ್ತದೆ. ಅಲಗುಗಳ ಸವೆತದ ವ್ಯತ್ಯಾಸವನ್ನು ಮಾತ್ರ ಜಾಸ್ತಿ ನಂಬಬೇಡಿ. ಮೊಂಡು ತುದಿಯ ಸ್ಪೇ ಅಲಗು ಇರೋದೇ ದನಕರುಗಳ ಬೀಜ ತೆಗೆಯೋಕೆ. ಪೇಟೆಯವರು ಅದನ್ನು ಬಿಚ್ಚಿರುವುದೇ ಕಮ್ಮಿ, ಹೊಸದರಂತೆ ಇದ್ದರೆ ಆಶ್ಚರ್ಯವಿಲ್ಲ.

ಫೋಟೋ ನೋಡಿ ಕೊಳ್ಳುವುದಾದರೆ ಮೂರು ಕೇಳಿ: ಪ್ರತಿ ಅಲಗಿನ ಬುಡ ಎರಡೂ ಬದಿಯಿಂದ, ಬೋಲ್‌ಸ್ಟರ್‌ಗಳು ಓರೆ ಬೆಳಕಲ್ಲಿ, ಅಲಗು ಬಿಚ್ಚಿದಾಗ ಬೆನ್ನಿನ ಸ್ಪ್ರಿಂಗ್. ಪಾಲಿಶ್ ಮಾಡಿ ಕಳಿಸ್ತೀನಿ ಅಂದರೆ ಬೇಡ ಅನ್ನಿ, ಗುರುತೆಲ್ಲ ಅಳಿಸಿ ಹೋಗುತ್ತದೆ. ಎಲ್ಲ ಸರಿ ಇದ್ದರೂ ನಾನಂತೂ ಅದೇ ಮಾದರಿಯ ಮಾಮೂಲಿ ಚಾಕುವಿನ ಬೆಲೆಗಿಂತ ಸ್ವಲ್ಪವೇ ಮೇಲೆ ಹೋಗುತ್ತೇನೆ.