ಸ್ವಾರಸ್ಯಕ್ಕೇ ಅಂಕ: ಒಂಬತ್ತನೆಯ ತರಗತಿಯ ಆನರ್ಸ್ ಇಂಗ್ಲಿಷ್

ಕಳೆದ ಅಕ್ಟೋಬರಿನಲ್ಲಿ ಮಗಳ ಮೊದಲ ಇಂಗ್ಲಿಷ್ ಪ್ರಬಂಧ ತಿದ್ದಿ ಬಂದಾಗ ಅದರ ಮೇಲೆ ‘ಸಿ’ ಇತ್ತು. ಅಂಚಿನಲ್ಲಿ ಒಂದೇ ಮಾತು: ‘ಇದು ಸಾರಾಂಶ.’ ಎಂಟನೆಯ ತರಗತಿಯವರೆಗೆ ‘ಎ’ ಬಿಟ್ಟು ಬೇರೆ ಅಕ್ಷರ ಕಾಣದವಳು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ನಾನು ಓದಿ ನೋಡಿದೆ. ಕಥೆ ಎಲ್ಲೂ ತಪ್ಪಿರಲಿಲ್ಲ, ವ್ಯಾಕರಣ ಸರಿಯಾಗಿತ್ತು. ಶಿವಮೊಗ್ಗದ ನಮ್ಮ ಮೇಷ್ಟ್ರಾಗಿದ್ದರೆ ಹತ್ತಕ್ಕೆ ಒಂಬತ್ತು ಕೊಡುತ್ತಿದ್ದರು. ತಪ್ಪಾದದ್ದು ಎಲ್ಲಿ ಎಂದು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಈ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಹೈಸ್ಕೂಲಿಗೆ ಮಕ್ಕಳನ್ನು ಕಳಿಸುತ್ತಿರುವ ಕನ್ನಡದ ಮನೆಗಳಿಗೆ ಆ ಎರಡು ತಿಂಗಳು ಉಳಿಯಲಿ ಎಂದು ಬರೆಯುತ್ತಿದ್ದೇನೆ.

ನಮ್ಮ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ‘ಸಂದರ್ಭದೊಡನೆ ಸ್ವಾರಸ್ಯ ಬರೆಯಿರಿ’ ಎಂಬ ಪ್ರಶ್ನೆ ಇರುತ್ತಿತ್ತಲ್ಲ? ಆಯ್ಕೆ, ಸಂದರ್ಭ ಎರಡನ್ನೂ ಬಾಯಿಪಾಠದಿಂದ ತುಂಬಿಸಿ, ಸ್ವಾರಸ್ಯದ ಜಾಗದಲ್ಲಿ ‘ಕವಿಯ ಭಾವನೆ ಸ್ವಾರಸ್ಯಕರವಾಗಿ ಮೂಡಿಬಂದಿದೆ’ ಎಂದು ಬರೆದು ಪಾರಾಗುತ್ತಿದ್ದೆವು. ಆನರ್ಸ್ ಇಂಗ್ಲಿಷಿನಲ್ಲಿ, ಅಂದರೆ ಸಾಮಾನ್ಯ ತರಗತಿಗಿಂತ ಕಠಿಣವಾದ ಇಂಗ್ಲಿಷ್ ತರಗತಿಯಲ್ಲಿ, ಅಂಕವೆಲ್ಲ ನಾವು ಹಾಗೆ ಹಾರಿಸಿಬಿಟ್ಟ ಆ ಸ್ವಾರಸ್ಯಕ್ಕೇ. ಕಥೆ ಶಿಕ್ಷಕಿಗೆ ಗೊತ್ತು. ಅದನ್ನು ಮತ್ತೆ ಹೇಳಿದರೆ ಅವರಿಗೆ ಏನೂ ಸಿಕ್ಕಿದಂತಾಗುವುದಿಲ್ಲ.

ರೋಮಿಯೋ ಜೂಲಿಯಟ್ ನಾಟಕವನ್ನು ಅನೇಕ ಶಾಲೆಗಳು ಒಂಬತ್ತನೆಯ ತರಗತಿಯಲ್ಲೇ ಓದಿಸುತ್ತವೆ. ಪ್ರೇಮಿಗಳು ಸಾಯುತ್ತಾರೆಂದು ಅದರ ಆರಂಭದ ಹದಿನಾಲ್ಕು ಸಾಲುಗಳೇ ಹೇಳಿಬಿಡುತ್ತವೆ. ಮುಂದೇನಾಯಿತು ಎಂಬುದೇ ಮುಖ್ಯವಾಗಿದ್ದರೆ ನಾಟಕಕಾರ ಹಾಗೆ ಮಾಡುತ್ತಿದ್ದನೇ? ‘ಅವರಿಬ್ಬರೂ ಗಾಢವಾಗಿ ಪ್ರೀತಿಸುತ್ತಿದ್ದರು’ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ, ಹಾಗಾಗಿ ಅದು ಥೀಸಿಸ್ (ಪ್ರಬಂಧ ಸಾಧಿಸಿ ತೋರಿಸಬೇಕಾದ ವಾದ) ಅಲ್ಲ. ‘ಅವರನ್ನು ಕೊಂದದ್ದು ಮನೆತನಗಳ ಹಗೆಗಿಂತ ಹೆಚ್ಚಾಗಿ ಹಿರಿಯರ ಅವಸರ’ ಎಂದರೆ ಎದುರಿನವರು ವಾದಕ್ಕೆ ಬರುತ್ತಾರೆ. ಆಗ ಪುರಾವೆ ಹುಡುಕಬೇಕು: ಜೂಲಿಯಟ್‌ಳ ತಂದೆ ಗುರುವಾರಕ್ಕೆ ಗೊತ್ತುಮಾಡಿದ ಮದುವೆಯನ್ನು ಬುಧವಾರಕ್ಕೆ ಎಳೆದುಕೊಳ್ಳುತ್ತಾನೆ. ಆ ಒಂದು ದಿನ ಕೈತಪ್ಪಿದ್ದರಿಂದ ಏನೇನು ಕೆಟ್ಟಿತು ಎಂದು ಬಿಡಿಸುವುದೇ ಸ್ವಾರಸ್ಯ.

ಮನೆಯಲ್ಲಿ ನಾವು ಮಾಡಿದ ಅಭ್ಯಾಸ ಇಷ್ಟೇ. ಅವಳು ಪ್ರತಿ ಉಲ್ಲೇಖ ಓದಿದ ಕೂಡಲೇ ನಾನು ‘ಅದರಿಂದೇನು?’ ಎನ್ನುತ್ತಿದ್ದೆ. ಉತ್ತರ ಬಂದ ಮೇಲೆ ಮತ್ತೊಮ್ಮೆ ‘ಅದರಿಂದೇನು?’ ಎರಡನೆಯ ಉತ್ತರವೇ ಸಾಮಾನ್ಯವಾಗಿ ಬರೆಯಲು ಯೋಗ್ಯ. ಒಂದು ಸಾಲು ಉಲ್ಲೇಖಿಸಿದರೆ ನಿನ್ನದೇ ಎರಡು ವಾಕ್ಯವಾದರೂ ಇರಲಿ ಎಂಬ ನಿಯಮವನ್ನೂ ಇಟ್ಟುಕೊಂಡೆವು. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಲೇ ಇದನ್ನು ಮಾಡಬಹುದು, ತಾಯಿ ಇಂಗ್ಲಿಷ್ ಪಂಡಿತೆ ಆಗಿರಬೇಕಾಗಿಲ್ಲ.

ಪಾಂಡಿತ್ಯ ತೋರಿಸಲು ಹೋಗಿ ನಾನು ಒಮ್ಮೆ ಕೆಟ್ಟಿದ್ದೇನೆ. ಛಂದಸ್ಸಿನ ಪಾಠ ಬಂದಾಗ ಲಘು ಗುರು ನನಗೆ ಬಿಡು ಎಂದು ಷೇಕ್ಸ್‌ಪಿಯರನ ಸಾಲಿಗೆ ಪ್ರಸ್ತಾರ ಹಾಕಿದೆ. ಒತ್ತಕ್ಷರದ ಹಿಂದಿನದು ಗುರು ಎನ್ನುತ್ತ ಹೋದರೆ ಇಡೀ ಸಾಲೇ ಗುರುಗಳ ಸಭೆಯಾಯಿತು. ಅಲ್ಲಿನ ಲೆಕ್ಕ ಮಾತ್ರೆಯದಲ್ಲ, ಉಚ್ಚಾರಣೆಯ ಒತ್ತಿನದು. ಇಳಿದು ಏರುವ ಐದು ಜೋಡಿ. ಮಗಳು ಮೇಜು ತಟ್ಟಿ ತೋರಿಸಿದಳು.

ಪುಸ್ತಕದಲ್ಲಿ ಗುರುತು ಹಾಕಿಕೊಂಡು ಓದುವುದಕ್ಕೂ ಅಂಕವಿರುತ್ತದೆ. ಕಾಲಿಗೆ ತಾಗಿದ ಪುಸ್ತಕವನ್ನು ಕಣ್ಣಿಗೊತ್ತಿಕೊಳ್ಳುವವರಿಗೆ ಅದರ ಮೇಲೆ ಗೀಚುವುದು ಕಷ್ಟವೇ. ಶಾಲೆಯ ಪ್ರತಿಯಲ್ಲಿ ಬರೆಯುವಂತಿಲ್ಲದಿದ್ದರೆ ಹಳೆಯ ಪ್ರತಿಯೊಂದನ್ನು ಕೊಳ್ಳಿ, ಇಲ್ಲವೇ ಅಂಟುಚೀಟಿ ಬಳಸಿ. ನಮ್ಮವಳು ಮೊದಲು ಪುಟವಿಡೀ ಹಳದಿ ಬಳಿದು ತಂದಿದ್ದಳು, ಅರಿಶಿನದ ನೀರಿಗೆ ಬಿದ್ದ ಹಾಗೆ. ಎಷ್ಟು ಗೆರೆ ಎಂದು ಯಾರೂ ಎಣಿಸುವುದಿಲ್ಲ, ಪಕ್ಕದಲ್ಲಿ ‘ಈ ಪದ ಮೂರನೆಯ ಸಲ ಬಂತು, ಯಾಕೆ?’ ಎಂಬಂಥ ಟಿಪ್ಪಣಿ ಇದೆಯೇ ಎಂದು ನೋಡುತ್ತಾರೆ.

ನಮ್ಮ ಮಕ್ಕಳು ಹೆಚ್ಚು ಎಡವುವುದು ಸಾಕ್ರಟಿಕ್ ಸೆಮಿನಾರಿನಲ್ಲಿ ಎಂದು ನನ್ನ ಅನುಮಾನ. ಎಲ್ಲರೂ ವೃತ್ತಾಕಾರವಾಗಿ ಕುಳಿತು ಪುಸ್ತಕದ ಬಗ್ಗೆ ಮಾತಾಡಬೇಕು. ಶಿಕ್ಷಕಿ ಬಾಯಿ ಬಿಡುವುದಿಲ್ಲ, ಯಾರು ಏನು ಹೇಳಿದರೆಂದು ಬರೆದುಕೊಳ್ಳುತ್ತಾರೆ. ‘ಎದುರು ಮಾತಾಡಬೇಡ’ ಎಂದು ಬೆಳೆಸಿದ ಮಗು ಅಲ್ಲಿ ಸುಮ್ಮನೆ ಕುಳಿತು ಅಂಕ ಕಳೆದುಕೊಳ್ಳುತ್ತದೆ. ಹಿಂದಿನ ರಾತ್ರಿ ಎರಡು ಪುಟಸಂಖ್ಯೆ, ಒಂದು ಪ್ರಶ್ನೆ ಬರೆದುಕೊಂಡು ಹೋಗಲಿ. ಮೊದಲ ಐದು ನಿಮಿಷದಲ್ಲೇ ಒಮ್ಮೆ ಮಾತಾಡಿಬಿಟ್ಟರೆ ಎದೆಬಡಿತ ಇಳಿಯುತ್ತದೆ.

ಉಳಿದದ್ದು ಶಿಸ್ತಿನ ವಿಷಯ. ಪ್ರಬಂಧ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಪದ್ಧತಿಯಲ್ಲಿರಬೇಕು: 12 ಪಾಯಿಂಟ್ ಅಕ್ಷರ, ಎರಡು ಪಟ್ಟು ಸಾಲಂತರ, ಸುತ್ತಲೂ ಒಂದು ಅಂಗುಲ ಅಂಚು. ನಾಟಕದಿಂದ ಉಲ್ಲೇಖಿಸಿದರೆ ಪುಟಸಂಖ್ಯೆಯ ಬದಲು ಅಂಕ, ದೃಶ್ಯ, ಸಾಲಿನ ಸಂಖ್ಯೆ ಕೊಡಬೇಕು. ತರಗತಿಯಲ್ಲೇ ಗಡಿಯಾರ ನೋಡಿಕೊಂಡು ಬರೆಯುವ ಪ್ರಬಂಧಗಳೂ ಇರುತ್ತವೆ. ಯಾವುದಕ್ಕೆ ಎಷ್ಟು ಅಂಕ ಎಂದು ಹೇಳುವ ರೂಬ್ರಿಕ್ ಎಂಬ ಪಟ್ಟಿಯನ್ನು ಬರೆಯುವ ಮೊದಲು ಓದಬೇಕು, ಬರೆದ ಮೇಲಲ್ಲ. ಬೇಸಿಗೆ ರಜೆಗೆ ಓದಲು ಪುಸ್ತಕ ಕೊಡುತ್ತಾರೆಯೇ ಎಂದು ಜೂನಿನಲ್ಲೇ ಕೇಳಿ. ನಮಗೆ ಅದು ಗೊತ್ತಾದದ್ದು ಆಗಸ್ಟಿನಲ್ಲಿ.

ಆನರ್ಸ್ ತೆಗೆದುಕೊಳ್ಳಲೇಬೇಕೇ? ಜಿಪಿಎ (ಗ್ರೇಡುಗಳ ಸರಾಸರಿ) ಗಾಗಿ ಎಂದು ಹೊರಟವರಿಗೆ ಒಂದು ಮಾತು: ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಪ್ರವೇಶಕ್ಕೆ ಲೆಕ್ಕ ಹಾಕುವ ಜಿಪಿಎಯಲ್ಲಿ ಒಂಬತ್ತನೆಯ ತರಗತಿಯ ಅಂಕಗಳು ಸೇರುವುದಿಲ್ಲ, ಆ ವರ್ಷದ ಆನರ್ಸಿಗೆ ಹೆಚ್ಚುವರಿ ಅಂಕವೂ ಇಲ್ಲ. ಆದರೂ ಆ ವರ್ಷದ ಇಂಗ್ಲಿಷಿನಲ್ಲಿ ‘ಸಿ’ಗಿಂತ ಕೆಳಗಿಳಿಯುವಂತಿಲ್ಲ, ಏಕೆಂದರೆ ನಾಲ್ಕೂ ವರ್ಷದ ಇಂಗ್ಲಿಷ್ ಅಲ್ಲಿ ಕಡ್ಡಾಯ. ಓದುವ ಹುಚ್ಚಿರುವ ಮಗು ಹೋಗಲಿ. ಗಣಿತ, ಈಜು, ಭಾನುವಾರದ ಭರತನಾಟ್ಯ ಎಲ್ಲದರ ನಡುವೆ ವಾರಕ್ಕೆ ಎಂಬತ್ತು ಪುಟ ಎಲ್ಲಿ ಹಿಡಿಸುತ್ತದೆ ಎಂದು ಮೊದಲು ಕಾಗದದ ಮೇಲೆ ಹಾಕಿ ನೋಡಿ. ಸಾಮಾನ್ಯ ತರಗತಿಗೆ ಬದಲಾಯಿಸಿಕೊಳ್ಳಲು ಕೊನೆಯ ದಿನ ಯಾವುದೆಂದು ಶಾಲೆಯ ಕೌನ್ಸೆಲರನ್ನು ಮೊದಲ ವಾರವೇ ಕೇಳಿಟ್ಟುಕೊಳ್ಳಿ. ನಮ್ಮವಳ ಮೊದಲ ಪ್ರಬಂಧ ತಿದ್ದಿ ಬರುವ ಹೊತ್ತಿಗೆ ಆ ದಿನ ದಾಟಿಹೋಗಿತ್ತು.