ಹರಾಜು ಮನೆ ಕೊಡಿಸುವವನಿಗೆ ಸರ್ಟಿಫಿಕೇಟ್ ಯಾಕೆ ಅಂದವರಿಗೆ

ಸಾಲ ತೀರಿಸದವರ ಮನೆಗಳನ್ನು ಬ್ಯಾಂಕು ಹರಾಜಿಗಿಟ್ಟಾಗ ಅವನ್ನು ಕೊಳ್ಳುವವರಿಗೆ ಕೊಡಿಸುವುದು ನನ್ನ ಕೆಲಸ. 2023ರಲ್ಲಿ ಮಹಾರೇರಾ (ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಏಜೆಂಟರಿಗೆ ತರಬೇತಿ, ಪರೀಕ್ಷೆ ಕಡ್ಡಾಯ ಮಾಡಿದಾಗ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಏಜೆಂಟ್ ಗೆಳೆಯರೆಲ್ಲ ಒಂದೇ ಮಾತು ಹೇಳಿದರು. "ಅದು ಬಿಲ್ಡರ್ ಫ್ಲ್ಯಾಟ್ ಮಾರುವವರಿಗೆ ಅಣ್ಣಾ, ಬ್ಯಾಂಕ್ ಹರಾಜಿನ ಮನೆ ಕೊಡಿಸೋ ನಿಮಗೇನು ಉಪಯೋಗ?" ಆದರೂ ನಾನು ದುಡ್ಡು ಕಟ್ಟಿದೆ. ತರಬೇತಿ, ಪರೀಕ್ಷೆ, ಓಡಾಟ ಎಲ್ಲ ಸೇರಿ ಏಳೆಂಟು ಸಾವಿರ ಆಗಿರಬಹುದು.

ಮೊದಲ ಕೆಲವು ತಿಂಗಳು ಏನೂ ಗಿಟ್ಟಲಿಲ್ಲ. ಈ ಕೆಲಸದಲ್ಲಿ ಬ್ಯಾಂಕಿನಿಂದ ನನಗೆ ಕಮಿಷನ್ ಬಂದದ್ದೇ ಇಲ್ಲ, ಕೊಳ್ಳುವವರೇ ಕೊಡಬೇಕು, ಅವರು "ಹರಾಜು ಗೆದ್ದ ಮೇಲೆ ನೋಡೋಣ" ಅಂತಾರೆ. ಗೆದ್ದ ಒಬ್ಬರು ಸೇಲ್ ಸರ್ಟಿಫಿಕೇಟ್ (ಮನೆ ಮಾರಿದ್ದಕ್ಕೆ ಬ್ಯಾಂಕ್ ಕೊಡುವ ಪತ್ರ) ಕೈಗೆ ಬಂದ ಮೇಲೆ ಫೋನ್ ಎತ್ತುವುದನ್ನೇ ಬಿಟ್ಟರು. ನನ್ನ ಕಮಿಷನ್ ಎಪ್ಪತ್ತು ಸಾವಿರದಷ್ಟು ಹೋಯಿತು.

ದಾರಿ ತೆರೆದದ್ದು ಅಂಬರನಾಥದ ಒಂದು ಫ್ಲ್ಯಾಟಿನಿಂದ. ಹರಾಜು ನೋಟಿಸಿನಲ್ಲಿ ಸುಮಾರು 620 ಚದರಡಿ ಅಂತಿತ್ತು, ಬಿಲ್ಟ್‌ಅಪ್ಪೋ (ಗೋಡೆಗಳೂ ಸೇರಿದ ಅಳತೆ) ಕಾರ್ಪೆಟ್ಟೋ (ಒಳಗೆ ಬಳಸಲು ಸಿಗುವ ಜಾಗ) ಬರೆದಿರಲಿಲ್ಲ. ತರಬೇತಿಯಲ್ಲಿ ಕಲಿತಂತೆ ಮಹಾರೇರಾ ಸೈಟಿನಲ್ಲಿ ಆ ಪ್ರಾಜೆಕ್ಟ್ ತೆಗೆದು ನೋಡಿದೆ. ಕಾರ್ಪೆಟ್ 430ರ ಆಸುಪಾಸು! ಬ್ಯಾಂಕಿನ ಸ್ವಾಧೀನವೂ ಬರೀ ಸಾಂಕೇತಿಕ, ಅಂದರೆ ಕಾಗದದ ಮೇಲಷ್ಟೇ, ಮನೆಯ ಕೀಲಿ ಬ್ಯಾಂಕಿನ ಕೈಯಲ್ಲಿರಲಿಲ್ಲ; ಸೊಸೈಟಿಗೆ ಕಟ್ಟಬೇಕಾದ ಬಾಕಿ ಮೂರು ಲಕ್ಷ ದಾಟಿತ್ತು. ಇದನ್ನೆಲ್ಲ ಎರಡು ಪುಟದಲ್ಲಿ ಬರೆದು, ಕೆಳಗೆ ನನ್ನ ನೋಂದಣಿ ಸಂಖ್ಯೆ ಹಾಕಿ, ಸಹಿ ಮಾಡಿ ಕೊಟ್ಟೆ. ಆ ಫ್ಲ್ಯಾಟ್ ಕೊಳ್ಳಲು ಬಂದಿದ್ದ ಹುಬ್ಬಳ್ಳಿ ಕಡೆಯ ಯಜಮಾನರು ತಮ್ಮ ಬಿಡ್ ಮಿತಿಯಲ್ಲಿ ಆರು ಲಕ್ಷ ಕಡಿಮೆ ಮಾಡಿ, ಆ ಇಳಿಸಿದ ಬೆಲೆಗೇ ಮನೆ ತಗೊಂಡರು. ಬಾಯಿಮಾತಿಗೆ ಹತ್ತು ರೂಪಾಯಿ ಕೊಡದವರು ಸಹಿ ಹಾಕಿದ ಕಾಗದಕ್ಕೆ ಮುಂಗಡ ಕೊಡುತ್ತಾರೆ, ಅಂದೇ ಗೊತ್ತಾಯಿತು.

ದುಡ್ಡು ಜಾಸ್ತಿ ಮುಳುಗುವುದು ಹರಾಜು ಗೆದ್ದ ಮೇಲೆಯೇ. ಬೆಲೆಯ 25% ಅದೇ ದಿನ ಇಲ್ಲವೇ ಮರು ಕೆಲಸದ ದಿನ ಕಟ್ಟಬೇಕು, ಉಳಿದದ್ದು ಮಾರಾಟ ಖಚಿತವಾದ 15 ದಿನದಲ್ಲಿ. ಅಷ್ಟರಲ್ಲಿ ಗೃಹಸಾಲ ಕೈಗೆ ಬರುವುದು ಅಪರೂಪ, ಬಾರದಿದ್ದರೆ ಕಟ್ಟಿದ್ದು ಮುಳುಗಿದಂತೆ. ಅದಕ್ಕೇ ಸಾಲ ಮಂಜೂರಾಗದವರಿಗೆ ನಾನು ಇಎಂಡಿ (ಹರಾಜಿಗೆ ಇಳಿಯುವ ಮೊದಲು ಇಡುವ ಠೇವಣಿ) ಕಟ್ಟಲು ಬಿಡುವುದಿಲ್ಲ. ಅವಧಿ ವಿಸ್ತರಣೆಯನ್ನು ಬ್ಯಾಂಕಿನಿಂದ ಲಿಖಿತವಾಗಿ ಪಡೆಯುವ ದಾರಿಯಿದೆ, ಮೂರು ತಿಂಗಳವರೆಗೆ, ಆದರೆ ಯಾವಾಗ, ಯಾರಿಗೆ ಕೇಳಬೇಕು ಅನ್ನೋದು ನನ್ನ ಹತ್ತಿರವೇ ಇರಲಿ. ಒಳಗೆ ನಿಜವಾಗಿ ಯಾರು ವಾಸವಿದ್ದಾರೆ ಅಂತ ಪತ್ತೆ ಹಚ್ಚುವ ಬಗೆಯನ್ನೂ ಹೇಳುವುದಿಲ್ಲ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಸರ್ಕಾರಿ ಬ್ಯಾಂಕುಗಳ ಹರಾಜು ಪೋರ್ಟಲ್ ಬ್ಯಾಂಕ್‌ನೆಟ್‌ನ ನೋಟಿಸುಗಳನ್ನು ಕನ್ನಡದಲ್ಲಿ ನಾಲ್ಕು ಸಾಲಿಗೆ ಇಳಿಸಿ ಠಾಣೆ, ಮುಲುಂಡಿನ ನಮ್ಮ ಕನ್ನಡದವರಿಗೆ ವಾಟ್ಸಾಪ್ ಮಾಡಿದೆ. ಮರಾಠಿಯಲ್ಲಿ ಕಳಿಸಿದ್ದಕ್ಕಿಂತ ದುಪ್ಪಟ್ಟು ಫೋನ್ ಬಂದವು, ಆದರೆ ಅರ್ಧ ಜನ ಊರಲ್ಲಿ ಸೈಟ್ ಇದೆಯಾ ಅಂತ ಕೇಳುವವರೇ.

ಈಗ ವರದಿಗೆ ಹದಿನೈದು ಸಾವಿರ ಮುಂಗಡ, ಕೀಲಿ ಸಿಕ್ಕ ದಿನ ಒಂದು ಪರ್ಸೆಂಟ್. ಅಂದು ಬೇಡ ಅಂದಿದ್ದ ಇಬ್ಬರು ಈಗ ತಮ್ಮ ಗಿರಾಕಿಗಳನ್ನೂ ವರದಿಗೆ ನನ್ನ ಹತ್ತಿರವೇ ಕಳಿಸುತ್ತಾರೆ.