ಯಂತ್ರ ಜೋಡಣೆ ಮತ್ತು ಪರೀಕ್ಷೆಯ ಇಂಟರ್ನ್‌ಶಿಪ್: ಮೊದಲ ದಿನದಿಂದ ಟ್ರಯಲ್ ರನ್‌ವರೆಗೆ

ಕಾರ್ಖಾನೆಗಳಿಗೆ ಯಂತ್ರಗಳನ್ನು ತಯಾರಿಸಿಕೊಡುವ ಘಟಕದ ಅಸೆಂಬ್ಲಿ ವಿಭಾಗದಲ್ಲಿ ಇಂಟರ್ನ್‌ಶಿಪ್ ಮಾಡುವ ಎಂಜಿನಿಯರಿಂಗ್ ವಿದ್ಯಾರ್ಥಿಗೆ, ತರಗತಿಯಲ್ಲಿ ಬಿಡಿಬಿಡಿಯಾಗಿ ಕಲಿತ ಬೇರಿಂಗ್, ಗೇರ್, ಮೋಟಾರ್, ಸೆನ್ಸರ್‌ಗಳೆಲ್ಲ ಒಂದೇ ಚೌಕಟ್ಟಿನ ಮೇಲೆ ಕೂಡಿ ಕೆಲಸ ಮಾಡುವುದನ್ನು ಕಣ್ಣಾರೆ ನೋಡುವ ಅವಕಾಶ ಸಿಗುತ್ತದೆ. ಆದರೆ ಬರಿದೆ ನೋಡುತ್ತ ನಿಂತರೆ ವಾರಗಳು ಹಾಗೆಯೇ ಉರುಳಿಹೋಗುತ್ತವೆ. ಕೆಲಸ ಕಲಿಯಬೇಕೆಂದರೆ ಒಂದು ಅಭ್ಯಾಸ ಮೊದಲ ದಿನವೇ ಶುರುವಾಗಬೇಕು: ತಾನು ಕೈಯಾಡಿಸಿದ ಪ್ರತಿಯೊಂದು ಮುಖ್ಯ ಜೋಡಣೆಯನ್ನೂ ಅಳೆಯುವುದು ಮತ್ತು ಅಳೆದದ್ದನ್ನು ಅಲ್ಲಿಯೇ ನಿಂತು ಒಂದು ಪುಸ್ತಕದಲ್ಲಿ ಬರೆದಿಡುವುದು. ಪರೀಕ್ಷೆಯ ದಿನ ಯಂತ್ರ ಅದುರಿದಾಗ, ಬಿಸಿಯಾದಾಗ ಅಥವಾ ನಡುವೆ ನಿಂತಾಗ ಮೊದಲು ತೆರೆಯಬೇಕಾದದ್ದು ಆ ಪುಸ್ತಕ. ಅದರಲ್ಲಿ ಅಂಕಿಗಳಿಲ್ಲದಿದ್ದರೆ ಜೋಡಿಸಿದ್ದನ್ನೆಲ್ಲ ಬಿಚ್ಚಿಯೇ ಕಾರಣ ಹುಡುಕಬೇಕಾಗುತ್ತದೆ.

ಸ್ಪ್ಯಾನರ್ ಹಿಡಿಯುವ ಮೊದಲು

ಮೊದಲ ಎರಡು ಮೂರು ದಿನಗಳನ್ನು ಡ್ರಾಯಿಂಗ್‌ಗಳಿಗೆ ಮೀಸಲಿಡಿ. ಅಸೆಂಬ್ಲಿ ಡ್ರಾಯಿಂಗ್, ಬಿಡಿಭಾಗಗಳ ಪಟ್ಟಿ, ನ್ಯೂಮ್ಯಾಟಿಕ್ ಅಥವಾ ಹೈಡ್ರಾಲಿಕ್ ಸರ್ಕ್ಯೂಟ್, ವಿದ್ಯುತ್ ಸರ್ಕ್ಯೂಟ್ ಇವು ನಾಲ್ಕನ್ನೂ ಜೊತೆಗಿಟ್ಟುಕೊಂಡು, ಯಾವ ಭಾಗ ಯಾವುದರ ನಂತರ ಕೂರಬೇಕು ಎಂಬ ಕ್ರಮವನ್ನು ನೀವೇ ಊಹಿಸಿ ಬರೆಯಿರಿ. ಆಮೇಲೆ ಹಿರಿಯ ಫಿಟ್ಟರ್‌ಗೆ ತೋರಿಸಿ ತಿದ್ದಿಸಿಕೊಳ್ಳಿ. ಹೀಗೆ ಸಿದ್ಧರಾಗಿ ಕೇಳುವ ಪ್ರಶ್ನೆಗೆ ಅವರು ಮನಸ್ಸಿಟ್ಟು ಉತ್ತರಿಸುತ್ತಾರೆ. ಡ್ರಾಯಿಂಗ್‌ನ ಅಳತೆಯ ಪಕ್ಕದಲ್ಲಿರುವ, ಅಳತೆ ಎಷ್ಟು ಹೆಚ್ಚುಕಡಿಮೆಯಾಗಬಹುದೆಂದು ಹೇಳುವ ಅಕ್ಷರ ಮತ್ತು ಅಂಕಿಯನ್ನು ಕಣ್ಣು ತಪ್ಪಿಸಿ ಹೋಗಲು ಬಿಡಬೇಡಿ. 25 ಎಚ್7 ಎಂದು ಬರೆದ ರಂಧ್ರದ ವ್ಯಾಸ 25.000 ರಿಂದ 25.021 ಮಿ.ಮೀ. ನಡುವೆ ಇರಬೇಕು, ಅದಕ್ಕೆ ಕೂರುವ 25 ಕೆ6 ಶಾಫ್ಟ್ 25.002 ರಿಂದ 25.015 ಮಿ.ಮೀ. ನಡುವೆ ಇರಬೇಕು. ಎರಡೂ ತಮ್ಮ ಮಿತಿಯೊಳಗೇ ಇದ್ದರೂ ಒಂದು ಜೋಡಿ ಕೈಯಿಂದ ಸುಲಭವಾಗಿ ಜಾರಿ ಕೂರಬಹುದು, ಇನ್ನೊಂದಕ್ಕೆ ಪ್ರೆಸ್ ಬೇಕಾಗಬಹುದು. ಇದನ್ನು ತಿಳಿಯದವರು ಬಿಗಿಯಾದದ್ದನ್ನೆಲ್ಲ ತಪ್ಪು ತುಂಡೆಂದು ಬದಿಗಿಡುತ್ತಾರೆ, ಇಲ್ಲವೇ ಸುತ್ತಿಗೆ ಎತ್ತಿಕೊಳ್ಳುತ್ತಾರೆ.

ಸುರಕ್ಷತೆಯ ವಿಚಾರದಲ್ಲಿ ಸಂಕೋಚಪಡಬಾರದು. ಯಂತ್ರದೊಳಗೆ ಕೈ ಹಾಕುವ ಮೊದಲು ಮುಖ್ಯ ಸ್ವಿಚ್ ಆರಿಸಿ, ಅದಕ್ಕೆ ನಿಮ್ಮದೇ ಬೀಗ ಹಾಕಿ, ಬೀಗದ ಕೈಯನ್ನು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಇನ್ನೊಬ್ಬರು ಬೀಗ ಹಾಕಿದ್ದಾರೆಂದು ನಂಬಿ ಕೆಲಸಕ್ಕಿಳಿಯಬೇಡಿ, ಏಕೆಂದರೆ ಅವರ ಕೆಲಸ ಮುಗಿದಾಗ ಅವರು ತಮ್ಮ ಬೀಗ ತೆಗೆದುಕೊಂಡು ಹೋಗುತ್ತಾರೆ. ಸ್ವಿಚ್ ಆರಿಸಿದ ಮಾತ್ರಕ್ಕೆ ಯಂತ್ರದೊಳಗಿನ ಶಕ್ತಿ ಇಲ್ಲವಾಗುವುದಿಲ್ಲ. ಸಿಲಿಂಡರಿನಲ್ಲಿ ಒತ್ತಡದ ಗಾಳಿ ಉಳಿದಿರುತ್ತದೆ, ಹೈಡ್ರಾಲಿಕ್ ಅಕ್ಯುಮುಲೇಟರಿನಲ್ಲಿ ಎಣ್ಣೆಯ ಒತ್ತಡ ಉಳಿದಿರುತ್ತದೆ, ಮೇಲೆತ್ತಿದ ಸ್ಲೈಡ್ ತನ್ನ ಭಾರಕ್ಕೆ ಕೆಳಗಿಳಿಯಬಹುದು, ವೇಗ ನಿಯಂತ್ರಿಸುವ ಡ್ರೈವ್‌ನ ಕೆಪ್ಯಾಸಿಟರ್‌ಗಳು ಹಲವು ನಿಮಿಷ ಪ್ರಾಣಾಪಾಯದ ವೋಲ್ಟೇಜ್ ಹಿಡಿದಿಟ್ಟುಕೊಂಡಿರುತ್ತವೆ. ಡ್ರೈವ್‌ನ ಮೇಲೆ ಬರೆದಷ್ಟು ಹೊತ್ತು ಕಾದು, ಅನುಭವಿ ಎಲೆಕ್ಟ್ರಿಷಿಯನ್ ಮೀಟರಿನಿಂದ ಅಳೆದು ಖಚಿತಪಡಿಸಿದ ಮೇಲೆಯೇ ಮುಂದುವರಿಯಬೇಕು. ಹೈಡ್ರಾಲಿಕ್ ಸೋರಿಕೆಯನ್ನು ಎಂದಿಗೂ ಬೆರಳಿನಿಂದ ಹುಡುಕಬೇಡಿ. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ಸೀಳಿ ಒಳಹೋಗುತ್ತದೆ, ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ರಟ್ಟಿನ ತುಂಡೊಂದನ್ನು ದೂರದಿಂದ ಹಿಡಿದು ನೋಡಿದರೆ ಸಾಕು. ತಿರುಗುವ ಶಾಫ್ಟಿನ ಬಳಿ ಕೈಗವಸು ಹಾಕಬಾರದು ಮತ್ತು ಕ್ರೇನಿನಲ್ಲಿ ತೂಗುವ ಭಾರದ ಕೆಳಗೆ ಒಂದು ಕ್ಷಣವೂ ನಿಲ್ಲಬಾರದು.

ಅಳತೆಯ ಉಪಕರಣಗಳಲ್ಲಿ ವರ್ನಿಯರ್ ಕ್ಯಾಲಿಪರ್ ಸಾಮಾನ್ಯವಾಗಿ 0.02 ಮಿ.ಮೀ.ವರೆಗೆ, ಮೈಕ್ರೋಮೀಟರ್ ಮತ್ತು ಡಯಲ್ ಗೇಜ್ 0.01 ಮಿ.ಮೀ.ವರೆಗೆ ಓದುತ್ತವೆ. ಬೇರಿಂಗ್ ಕೂರುವ ಜಾಗವನ್ನು ಕ್ಯಾಲಿಪರ್‌ನಿಂದ ಅಳೆದು ತೃಪ್ತಿಪಡುವುದು ತಪ್ಪು. ಅಳೆಯುವ ಮೊದಲು ಸೊನ್ನೆ ಸರಿಯಾಗಿದೆಯೇ ನೋಡಿ, ತುಂಡನ್ನು ಒರೆಸಿ, ಅದು ಕೋಣೆಯ ತಾಪಮಾನಕ್ಕೆ ಬರುವವರೆಗೆ ಕಾಯಿರಿ. ಉದ್ದದ ಅಳತೆಗಳಿಗೆ ಅಂತರರಾಷ್ಟ್ರೀಯವಾಗಿ ಒಪ್ಪಿದ ತಾಪಮಾನ 20 ಡಿಗ್ರಿ ಸೆಲ್ಸಿಯಸ್. ಅರ್ಧ ಮೀಟರ್ ಉದ್ದದ ಉಕ್ಕಿನ ಶಾಫ್ಟ್ 30 ಡಿಗ್ರಿಯಲ್ಲಿ ಸುಮಾರು 0.06 ಮಿ.ಮೀ. ಹೆಚ್ಚು ಉದ್ದವಾಗಿರುತ್ತದೆ, ಲೇತ್‌ನಿಂದ ಈಗತಾನೇ ಇಳಿಸಿದ ತುಂಡು ಇನ್ನೂ ಬಿಸಿಯಾಗಿರುತ್ತದೆ.

ಜೋಡಣೆ

ಜೋಡಣೆಯಲ್ಲಿ ಅತಿ ಹೆಚ್ಚು ಹೊತ್ತು ಹಿಡಿಯುವ, ಆದರೆ ಯಾರೂ ಹೊಗಳದ ಕೆಲಸ ಸ್ವಚ್ಛಗೊಳಿಸುವುದು. ರಂಧ್ರದ ಅಂಚಿನಲ್ಲಿ ಉಳಿದ ಬರ್ (ಚೂಪಾದ ಲೋಹದ ಏಣು) ತೆಗೆಯುವುದು, ಕೂರುವ ಮೇಲ್ಮೈಗಳನ್ನು ಎಣ್ಣೆಗಲ್ಲಿನಿಂದ ಹಗುರವಾಗಿ ತೀಡುವುದು, ಥ್ರೆಡ್ (ತಿರುಪಿನ ಸುರುಳಿ ಗೆರೆ) ಕೊರೆದ ರಂಧ್ರಗಳೊಳಗಿನ ಚೂರುಗಳನ್ನು ತೆಗೆಯುವುದು ಇವೆಲ್ಲ ವಿದ್ಯಾರ್ಥಿಗಳ ಪಾಲಿಗೆ ಬರುತ್ತವೆ. ಇದನ್ನು ಕೀಳು ಕೆಲಸವೆಂದು ಎಣಿಸದೆ ಮನಸ್ಸಿಟ್ಟು ಮಾಡಿ. ಒಂದು ಮೇಲ್ಮೈಯನ್ನು ಬೆರಳಿನಿಂದ ಸವರಿದಾಗ ಬರ್ ಎಲ್ಲಿದೆಯೆಂದು ಗೊತ್ತಾಗುವಷ್ಟು ಸ್ಪರ್ಶಜ್ಞಾನ ಹೀಗೆಯೇ ಬರುತ್ತದೆ. ನಂತರ ಬೇಸ್ ಫ್ರೇಮನ್ನು ಮೀಟರಿಗೆ 0.02 ಮಿ.ಮೀ. ತೋರಿಸುವ ನಿಖರ ಸ್ಪಿರಿಟ್ ಲೆವೆಲ್ಲಿನಿಂದ ಸಮಮಟ್ಟಕ್ಕೆ ತರಬೇಕು. ಪ್ರತಿ ಜಾಗದಲ್ಲೂ ಲೆವೆಲ್ಲನ್ನು ತಿರುಗಿಸಿಟ್ಟು ಎರಡು ಸಲ ಓದಿದರೆ ಉಪಕರಣದ್ದೇ ದೋಷವಿದ್ದರೆ ಬಯಲಾಗುತ್ತದೆ.

ಬೇರಿಂಗ್ ಕೂರಿಸುವುದನ್ನು ಒಮ್ಮೆಯಾದರೂ ಪೂರ್ತಿಯಾಗಿ ಸ್ವಂತ ಕೈಯಿಂದ ಮಾಡಿ. 6208 ಸಂಖ್ಯೆಯ ಬೇರಿಂಗ್ ತೆಗೆದುಕೊಳ್ಳೋಣ: ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿದರೆ ಒಳವ್ಯಾಸ 40 ಮಿ.ಮೀ. ಎಂದು ತಿಳಿಯುತ್ತದೆ. ಶಾಫ್ಟ್ ಕೆ6 ಮಿತಿಯಲ್ಲಿದ್ದರೆ ಬಿಗಿತ (ಬೇರಿಂಗಿನ ಒಳವ್ಯಾಸಕ್ಕಿಂತ ಶಾಫ್ಟ್ ದಪ್ಪವಾಗಿರುವಷ್ಟು ಅಳತೆ) ಹೆಚ್ಚೆಂದರೆ 0.03 ಮಿ.ಮೀ. ಆಗಬಹುದು. ಬೇರಿಂಗನ್ನು ಇಂಡಕ್ಷನ್ ಹೀಟರಿನಲ್ಲಿ 110 ಡಿಗ್ರಿಯವರೆಗೆ ಕಾಯಿಸಿದರೆ, ಶಾಫ್ಟಿಗಿಂತ ಅದು 80 ಡಿಗ್ರಿ ಬಿಸಿಯಿದ್ದಾಗ, ಒಳವ್ಯಾಸ ಸುಮಾರು 0.037 ಮಿ.ಮೀ. ಹಿಗ್ಗುತ್ತದೆ, ಆಗ ಅದು ಸದ್ದಿಲ್ಲದೆ ಜಾರಿ ಕೂರುತ್ತದೆ. ಶಾಖ ನಿರೋಧಕ ಕೈಗವಸು ಹಾಕಿ, ತಡೆಯದೆ ಒಂದೇ ಚಲನೆಯಲ್ಲಿ ಶಾಫ್ಟಿನ ಭುಜಕ್ಕೆ (ವ್ಯಾಸ ದೊಡ್ಡದಾಗುವ ಮೆಟ್ಟಿಲಿಗೆ) ತಾಗುವವರೆಗೆ ತಳ್ಳಿ, ತಣಿಯುವವರೆಗೆ ಒತ್ತಿ ಹಿಡಿಯಿರಿ. ತಣಿಯುವಾಗ ಬೇರಿಂಗ್ ಅಗಲದಲ್ಲೂ ಕುಗ್ಗುವುದರಿಂದ, ಕೈಬಿಟ್ಟರೆ ಭುಜದ ಬಳಿ ಸಂದು ಉಳಿದುಬಿಡುತ್ತದೆ. 120 ಡಿಗ್ರಿ ಮೀರಿಸಬಾರದು. ಗ್ರೀಸ್ ತುಂಬಿ ಮುಚ್ಚಿದ ಬೇರಿಂಗ್‌ಗಳಿಗೆ ಮಿತಿ ಇನ್ನೂ ಕಡಿಮೆ, ಅದನ್ನು ತಯಾರಕರ ಪುಸ್ತಕದಲ್ಲಿ ನೋಡಿಕೊಳ್ಳಿ. ಪ್ರೆಸ್ ಬಳಸುವುದಾದರೆ ಶಾಫ್ಟಿಗೆ ಬಿಗಿಯಾಗಿ ಕೂರುವ ಬೇರಿಂಗನ್ನು ಒಳ ಉಂಗುರದ ಮೇಲೆಯೇ ಒತ್ತಬೇಕು. ಹೊರ ಉಂಗುರದ ಮೇಲೆ ಒತ್ತಿದರೆ ಬಲವೆಲ್ಲ ಗುಂಡುಗಳ ಮೂಲಕ ಹಾದು ಅವು ಉರುಳುವ ದಾರಿಯಲ್ಲಿ ಕಣ್ಣಿಗೆ ಕಾಣದ ಗುಳಿಗಳು ಬೀಳುತ್ತವೆ, ಆ ಬೇರಿಂಗ್ ಮೊದಲ ದಿನದಿಂದಲೇ ಸದ್ದು ಮಾಡುತ್ತದೆ.

ಬೋಲ್ಟ್ ಬಿಗಿಯುವಾಗ ಟಾರ್ಕ್ ರೆಂಚ್ ‘ಟಕ್’ ಎಂದರೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಹಾಕಿದ ಟಾರ್ಕಿನಲ್ಲಿ ಸುಮಾರು ಶೇ. 90ರಷ್ಟು ಬೋಲ್ಟಿನ ತಲೆಯ ಕೆಳಗಿನ ಮತ್ತು ಥ್ರೆಡ್‌ನ ಘರ್ಷಣೆಗೇ ಹೋಗುತ್ತದೆ, ಬೋಲ್ಟನ್ನು ಎಳೆದು ಬಿಗಿ ಹಿಡಿಯುವುದು ಉಳಿದ ಸುಮಾರು ಶೇ. 10 ಮಾತ್ರ. ಆದುದರಿಂದ ಒಣ ಬೋಲ್ಟಿಗೆ ಹೇಳಿದ ಟಾರ್ಕನ್ನು ಎಣ್ಣೆ ಹಚ್ಚಿದ ಬೋಲ್ಟಿಗೆ ಹಾಕಿದರೆ ಎಳೆತ ಮಿತಿ ಮೀರುತ್ತದೆ. ಎದುರುಬದುರು ಬೋಲ್ಟ್‌ಗಳನ್ನು ಸರದಿಯಂತೆ ಮೂರು ಹಂತಗಳಲ್ಲಿ ಬಿಗಿದು, ಮುಗಿದದ್ದರ ಮೇಲೆ ಬಣ್ಣದ ಗೆರೆ ಎಳೆಯಿರಿ. ಗೆರೆಯಿಲ್ಲದ ಬೋಲ್ಟ್ ಬಿಗಿಯದ ಬೋಲ್ಟ್ ಎಂಬ ನಿಯಮವನ್ನು ಎಲ್ಲರೂ ಪಾಲಿಸುವ ಕಡೆ ತಪ್ಪುಗಳು ಕಡಿಮೆ.

ಇನ್ನು ಅಲೈನ್‌ಮೆಂಟ್. ಮೋಟಾರ್ ಮತ್ತು ಗೇರ್‌ಬಾಕ್ಸಿನ ಶಾಫ್ಟ್‌ಗಳು ಒಂದೇ ಗೆರೆಯಲ್ಲಿರಬೇಕೆಂಬುದು ಎಲ್ಲರಿಗೂ ತಿಳಿದಿರುತ್ತದೆ, ಆದರೆ ಅದಕ್ಕೂ ಮೊದಲು ಮೋಟಾರಿನ ನಾಲ್ಕೂ ಪಾದಗಳು ನೆಲೆಯ ಮೇಲೆ ಸಮನಾಗಿ ಕೂತಿವೆಯೇ ಎಂದು ನೋಡುವುದನ್ನು ಮರೆಯುತ್ತಾರೆ. ನನ್ನ ಇಂಟರ್ನ್‌ಶಿಪ್ಪಿನಲ್ಲಿ ಒಂದು ಕನ್ವೇಯರ್ ಡ್ರೈವ್ ಅನ್ನು ಎರಡು ದಿನ ಅಲೈನ್ ಮಾಡಿದೆವು. ಡಯಲ್ ತೃಪ್ತಿಕರವಾಗಿ ಓದುತ್ತಿತ್ತು, ಕೊನೆಯ ಬೋಲ್ಟ್ ಬಿಗಿದ ಕೂಡಲೇ ಓದು ಕೆಡುತ್ತಿತ್ತು. ಹಿರಿಯ ಫಿಟ್ಟರ್ ಡಯಲಿನ ಮೊನೆಯನ್ನು ಮೋಟಾರಿನ ಪಾದದ ಮೇಲಿಟ್ಟು, “ಒಂದೇ ಬೋಲ್ಟ್ ಸಡಿಲಿಸು, ಮುಳ್ಳಿನ ಮೇಲೆ ಕಣ್ಣಿಡು” ಎಂದರು. ಮೂರು ಪಾದಗಳಲ್ಲಿ ಮುಳ್ಳು ಅಲುಗಲಿಲ್ಲ. ನಾಲ್ಕನೆಯದರಲ್ಲಿ ಬೋಲ್ಟ್ ಸಡಿಲವಾಗುತ್ತಿದ್ದಂತೆ ಪಾದ ಮೆಲ್ಲನೆ ಎದ್ದು 0.18 ಮಿ.ಮೀ.ಗೆ ನಿಂತಿತು. ಮೋಟಾರನ್ನು ಎತ್ತಿ ನೋಡಿದಾಗ ಆ ಪಾದ ಕೂರುವ ಪ್ಯಾಡಿನ ಎತ್ತರ ಅಷ್ಟು ಕಡಿಮೆಯಿತ್ತು, ಪಕ್ಕದ ಪ್ಯಾಡಿನ ಮೇಲೆ ಬಣ್ಣದ ದಪ್ಪ ಪದರವೂ ಉಳಿದಿತ್ತು. ಬಣ್ಣ ಕೆರೆದು, ಉಳಿದ ಸಂದಿಗೆ ಸರಿಯಾದ ಶಿಮ್ (ತೆಳು ಲೋಹದ ಹಾಳೆ) ಕೊಟ್ಟ ಮೇಲೆ ಅಲೈನ್‌ಮೆಂಟ್ ಒಂದೇ ಗಂಟೆಯಲ್ಲಿ ಮುಗಿಯಿತು. ಪಾದ 0.05 ಮಿ.ಮೀ.ಗಿಂತ ಹೆಚ್ಚು ಏಳುತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ. ಹಲವು ತೆಳು ಶಿಮ್‌ಗಳನ್ನು ಪೇರಿಸಿದರೆ ಅವು ಸ್ಪ್ರಿಂಗಿನಂತೆ ವರ್ತಿಸುತ್ತವೆ, ಆದ್ದರಿಂದ ಮೂರು ನಾಲ್ಕಕ್ಕಿಂತ ಹೆಚ್ಚು ಬೇಡ. ಎರಡು ಶಾಫ್ಟ್‌ಗಳನ್ನು ಕೂಡಿಸುವ ಕಪ್ಲಿಂಗಿನ ಅಂಚಿನಲ್ಲಿ ಪೂರ್ಣ ಸುತ್ತಿಗೆ ಡಯಲ್ ತೋರಿಸಿದ ವ್ಯತ್ಯಾಸದ ಅರ್ಧದಷ್ಟು ಮಾತ್ರ ಶಾಫ್ಟ್‌ಗಳ ನಿಜವಾದ ಪಲ್ಲಟ ಎಂಬುದನ್ನೂ ನೆನಪಿಡಿ.

ಪರೀಕ್ಷೆ

ಯಂತ್ರಕ್ಕೆ ವಿದ್ಯುತ್ ಕೊಡುವ ಮೊದಲೇ ಪರೀಕ್ಷೆ ಶುರುವಾಗುತ್ತದೆ. ಶಾಫ್ಟ್‌ಗಳನ್ನು ಕೈಯಿಂದ ತಿರುಗಿಸಿ ಎಲ್ಲಿಯಾದರೂ ತಡೆಯುತ್ತದೆಯೇ ನೋಡಬೇಕು, ಟರ್ಮಿನಲ್‌ಗಳ ತಂತಿಗಳನ್ನು ಹಗುರವಾಗಿ ಎಳೆದು ನೋಡಬೇಕು, ಅರ್ತ್ ಸಂಪರ್ಕವನ್ನು ಅಳೆಯಬೇಕು. ಮೋಟಾರಿನ ಇನ್ಸುಲೇಶನ್ನನ್ನು ಮೆಗ್ಗರ್ ಎಂಬ ಇನ್ಸುಲೇಶನ್ ಅಳೆಯುವ ಮೀಟರಿನಿಂದ, ಸಾಮಾನ್ಯ 415 ವೋಲ್ಟ್ ಮೋಟಾರಾದರೆ 500 ವೋಲ್ಟ್ ಡಿ.ಸಿ.ಯಲ್ಲಿ, ಪರೀಕ್ಷಿಸುವಾಗ ಡ್ರೈವ್‌ನಿಂದ ಬಂದ ತಂತಿಗಳನ್ನು ಕಡ್ಡಾಯವಾಗಿ ಬಿಚ್ಚಿರಬೇಕು, ಇಲ್ಲದಿದ್ದರೆ ಡ್ರೈವ್‌ನ ಒಳಗಿನ ಭಾಗಗಳು ಸುಟ್ಟುಹೋಗುತ್ತವೆ. ಈ ಪರೀಕ್ಷೆಯನ್ನು ವಿದ್ಯಾರ್ಥಿ ಒಬ್ಬನೇ ಮಾಡಬಾರದು.

ನಂತರ ನಿಯಂತ್ರಣದ ಸರ್ಕ್ಯೂಟಿಗೆ ಮಾತ್ರ 24 ವೋಲ್ಟ್ ಕೊಟ್ಟು ಪ್ರತಿಯೊಂದು ಇನ್‌ಪುಟ್ಟನ್ನು ಪಿ.ಎಲ್.ಸಿ. (ಯಂತ್ರವನ್ನು ನಿಯಂತ್ರಿಸುವ ಕಂಪ್ಯೂಟರ್) ಪರದೆಯ ಮೇಲೆ ಒಂದೊಂದಾಗಿ ನೋಡುವ ಕೆಲಸ. ಒಬ್ಬರು ಯಂತ್ರದ ಬಳಿ ನಿಂತು ಸೆನ್ಸರಿನ ಮುಂದೆ ಲೋಹದ ತುಂಡು ಹಿಡಿಯುತ್ತಾರೆ, ಇನ್ನೊಬ್ಬರು ಪ್ಯಾನೆಲ್ಲಿನ ಬಳಿ ಆ ಇನ್‌ಪುಟ್ಟಿನ ವಿಳಾಸ ಓದಿ ಹೇಳುತ್ತಾರೆ. ಬೇಸರ ತರಿಸುವ ಕೆಲಸವಾದರೂ ಇದನ್ನು ಕೇಳಿ ಪಡೆದುಕೊಳ್ಳಿ, ಯಂತ್ರದ ತರ್ಕವೆಲ್ಲ ಇದೊಂದರಲ್ಲೇ ಅರ್ಥವಾಗುತ್ತದೆ. ಪರೀಕ್ಷಿಸುವಾಗ ಯಂತ್ರದಲ್ಲಿ ನಿಜವಾಗಿ ಬರುವ ತುಂಡನ್ನೇ ಬಳಸಿ. ಸಾಮಾನ್ಯ ಇಂಡಕ್ಟಿವ್ (ಲೋಹ ಹತ್ತಿರ ಬಂದರೆ ಗುರುತಿಸುವ) ಸೆನ್ಸರಿನ ಮೇಲೆ ಬರೆದ ದೂರ ಮೆದು ಉಕ್ಕಿಗೆ ಸಂಬಂಧಿಸಿದ್ದು, ಅಲ್ಯೂಮಿನಿಯಮ್ ತುಂಡಿಗೆ ಅದು ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ.

ಎಮರ್ಜೆನ್ಸಿ ಸ್ಟಾಪ್ ಬಟನ್‌ಗಳು ಎಷ್ಟಿವೆಯೋ ಅಷ್ಟನ್ನೂ ಒತ್ತಿ ನೋಡಬೇಕು, ಒಂದು ಕೆಲಸ ಮಾಡಿತೆಂದು ಉಳಿದವನ್ನು ಬಿಡಬಾರದು. ಇವುಗಳ ಸಂಪರ್ಕ ಸದಾ ಮುಚ್ಚಿರುವಂತೆ ಇಡುವುದಕ್ಕೆ ಕಾರಣ, ತಂತಿ ತುಂಡಾದರೂ ಯಂತ್ರ ನಿಲ್ಲಬೇಕೆಂಬುದು. ಬಟನ್ನನ್ನು ಮತ್ತೆ ಬಿಡಿಸಿದಾಗ ಯಂತ್ರ ತಾನಾಗಿ ಓಡತೊಡಗಬಾರದು. ಸ್ಟಾರ್ಟ್ ಒತ್ತಿದ ಮೇಲೆಯೇ ಓಡಬೇಕು. ರಕ್ಷಣಾ ಬಾಗಿಲು ತೆರೆದರೆ ಯಂತ್ರವನ್ನು ನಿಲ್ಲಿಸುವ ಇಂಟರ್‌ಲಾಕ್‌ಗಳಿಗೂ ಇದೇ ಕ್ರಮ. ಇಲ್ಲಿ ಒಂದು ಕೊರತೆ ಕಂಡರೂ ಮುಂದಿನ ಹಂತಕ್ಕೆ ಹೋಗದೆ ನಿಲ್ಲಿಸುವಂತೆ ಹೇಳಲು ಇಂಟರ್ನ್‌ಗೂ ಹಕ್ಕಿದೆ, ಹೇಳಲೇಬೇಕು.

ಮೋಟಾರನ್ನು ಮೊದಲ ಸಲ ಕ್ಷಣಕಾಲ ಮಾತ್ರ ತಿರುಗಿಸಿ ದಿಕ್ಕು ನೋಡಿ. ತಪ್ಪಿದ್ದರೆ ಮೂರು ಫೇಸ್‌ಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸಾಕು. ಹೈಡ್ರಾಲಿಕ್ ಪಂಪು ಜೋಡಿಸಿದ ಮೋಟಾರಾದರೆ ಇದರಲ್ಲಿ ಹೆಚ್ಚಿನ ಎಚ್ಚರ ಬೇಕು, ತಿರುಗುಮುರುಗಾಗಿ ಸ್ವಲ್ಪ ಹೊತ್ತು ಓಡಿದರೂ ಪಂಪು ಕೆಡಬಹುದು. ಗಾಳಿಯ ಸಿಲಿಂಡರ್‌ಗಳಲ್ಲಿ ಬೇರೊಂದು ಅಪಾಯವಿದೆ. ವೇಗ ತಗ್ಗಿಸಲು ಸಾಮಾನ್ಯವಾಗಿ ಹೊರಹೋಗುವ ಗಾಳಿಯನ್ನು ತಡೆಯುತ್ತೇವೆ, ಆದರೆ ಗಾಳಿಯೆಲ್ಲ ಖಾಲಿಯಾಗಿದ್ದ ಯಂತ್ರದಲ್ಲಿ ಮೊದಲ ಹೊಡೆತಕ್ಕೆ ತಡೆಯಲು ಎದುರು ಬದಿಯಲ್ಲಿ ಗಾಳಿಯೇ ಇರುವುದಿಲ್ಲ. ಪಿಸ್ಟನ್ ರಭಸದಿಂದ ಚಿಮ್ಮುತ್ತದೆ. ಒತ್ತಡವನ್ನು ಸಣ್ಣದರಿಂದ ಮೆಲ್ಲನೆ ಏರಿಸಿ, ಎಲ್ಲರನ್ನೂ ದೂರ ನಿಲ್ಲಿಸಿ ಆಮೇಲೆ ಗಾಳಿ ಬಿಡಿ.

ಭಾರವಿಲ್ಲದೆ ಓಡಿಸುವಾಗ ಪ್ರತಿ ಹದಿನೈದು ನಿಮಿಷಕ್ಕೊಮ್ಮೆ ಬೇರಿಂಗ್‌ಗಳ ತಾಪಮಾನ, ಮೋಟಾರಿನ ಕರೆಂಟ್ ಮತ್ತು ಕೋಣೆಯ ತಾಪಮಾನ ಮೂರನ್ನೂ ಬರೆಯಿರಿ. ತಾಪಮಾನ ಏರಿ ಒಂದು ಮಟ್ಟದಲ್ಲಿ ನಿಂತರೆ ಅದು ಸಹಜ. ನಿಲ್ಲದೆ ಏರುತ್ತಲೇ ಹೋದರೆ ಗ್ರೀಸ್ ಹೆಚ್ಚಾಗಿರಬಹುದು, ಬಿಗಿತ ಹೆಚ್ಚಾಗಿರಬಹುದು, ಅಲೈನ್‌ಮೆಂಟ್ ತಪ್ಪಿರಬಹುದು. ಇಂಥ ಹೊತ್ತಿನಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ ಮತ್ತೆ ಓಡಿಸಿ. ಮೂರನ್ನೂ ಒಟ್ಟಿಗೆ ಸರಿಪಡಿಸಿದರೆ ಯಂತ್ರ ಸರಿಹೋದರೂ ಕಾರಣ ಯಾವುದೆಂದು ತಿಳಿಯುವುದಿಲ್ಲ, ಅದೇ ದೋಷ ಮುಂದಿನ ಯಂತ್ರದಲ್ಲೂ ಬರುತ್ತದೆ. ಭಾರ ಹಾಕಿದ ಮೇಲೆ ಸೈಕಲ್ ಟೈಮ್ (ಒಂದು ಸುತ್ತಿನ ಕೆಲಸಕ್ಕೆ ಹಿಡಿಯುವ ಸಮಯ) ಮತ್ತು ತಯಾರಾದ ವಸ್ತುವಿನ ಅಳತೆಯನ್ನು ಒಪ್ಪಂದದ ಅಂಕಿಗಳೊಂದಿಗೆ ಹೋಲಿಸಿ. ಗ್ರಾಹಕರ ಪ್ರತಿನಿಧಿಗಳು ಬಂದು ಒಪ್ಪಿಗೆ ನೀಡುವ ಪರೀಕ್ಷೆಯ ದಿನ ಈ ಪಟ್ಟಿಯೇ ಎಲ್ಲರ ಕೈಯಲ್ಲಿರುತ್ತದೆ.

ಒಪ್ಪಿಗೆ ಸಿಕ್ಕ ಮೇಲೆ ಯಂತ್ರವನ್ನು ಸಾಗಣೆಗಾಗಿ ಮತ್ತೆ ಬಿಚ್ಚುತ್ತಾರೆ. ಕಾಲೇಜಿನ ವರದಿ ಬರೆಯುವ ಅವಸರದಲ್ಲಿ ಆ ದಿನ ತಪ್ಪಿಸಿಕೊಳ್ಳಬೇಡಿ. ಯಾವ ಎರಡು ಭಾಗಗಳು ಎಲ್ಲಿ ಕೂಡಬೇಕೆಂಬ ಗುರುತು ಕೊರೆಯುವುದು, ಪ್ರತಿ ಪೈಪಿನ ಎರಡೂ ತುದಿಗಳಿಗೆ ಒಂದೇ ಸಂಖ್ಯೆಯ ಚೀಟಿ ಕಟ್ಟುವುದು, ತೆರೆದ ಬಾಯಿಗಳಿಗೆ ಮುಚ್ಚಳ ಹಾಕುವುದು, ಯಾವ ಪಾದದ ಕೆಳಗೆ ಎಷ್ಟು ದಪ್ಪದ ಶಿಮ್ ಇತ್ತೆಂದು ಬರೆದು ಆ ಶಿಮ್‌ಗಳನ್ನು ಅದೇ ಪಾದಕ್ಕೆ ಕಟ್ಟಿ ಕಳಿಸುವುದು ಇವನ್ನು ನೀವೇ ವಹಿಸಿಕೊಳ್ಳಿ. ಆ ಪುಟಗಳ ಒಂದು ಪ್ರತಿಯನ್ನು ಯಂತ್ರದ ಜೊತೆಗೆ ಹೋಗುವ ಕಡತಕ್ಕೆ ಸೇರಿಸಿ. ಗ್ರಾಹಕರ ಕಾರ್ಖಾನೆಯಲ್ಲಿ ಅದನ್ನು ಮರುಜೋಡಿಸುವ ಫಿಟ್ಟರ್ ಮೊದಲು ಹುಡುಕುವುದು ಆ ಅಂಕಿಗಳನ್ನೇ.